ಮನೆಗೆಲ್ಲ ಒಂದೇ ಸನ್‌ಸ್ಕ್ರೀನ್ ಸಾಕಾ?

ಪ್ರಶ್ನೆ: ನಾನು ಕಲಬುರಗಿಯವಳು, ವಯಸ್ಸು 36. ಜೇವರ್ಗಿ ಕಡೆಯ ಹಳ್ಳಿಯೊಂದರಲ್ಲಿ ಶಿಕ್ಷಕಿ. ಬಸ್‌ಸ್ಟ್ಯಾಂಡ್ ತನಕ ಸ್ಕೂಟಿ, ಅಲ್ಲಿಂದ ಬಸ್ಸು. ಎರಡನೇ ಹೆರಿಗೆ ಆದ ಮೇಲೆ ಎರಡೂ ಕೆನ್ನೆಗೆ ಬಂಗು ಬಂದಿದೆ. ಮುಖ ಯಾವಾಗಲೂ ಎಣ್ಣೆ ಎಣ್ಣೆ. ಎಸ್‌ಪಿಎಫ್ 50 ಇರುವ ಒಂದು ಸನ್‌ಸ್ಕ್ರೀನ್ ತರಿಸಿದ್ದೇನೆ, ಮನೆಯವರೆಲ್ಲ ಅದನ್ನೇ ಹಚ್ಚುತ್ತೇವೆ. ನನಗೆ ಮುಖ ಬೂದಿ ಬಳಿದ ಹಾಗೆ ಕಾಣುತ್ತದೆ, ಬೆವರಿದರೆ ಕಣ್ಣು ಉರಿಯುತ್ತದೆ, ಬಂಗು ಇಳಿದಿಲ್ಲ. 15 ವರ್ಷದ ಮಗಳಿಗೆ ಮೊಡವೆ ಜಾಸ್ತಿಯಾಗಿದೆ. ಅತ್ತೆಯವರದು ಒಣ ಚರ್ಮ. ಹೊಲ ನೋಡಿಕೊಳ್ಳುವ ನಮ್ಮ ಮನೆಯವರಿಗೆ ಮುಖ, ಕುತ್ತಿಗೆ ಕಪ್ಪಾಗಿ ಸಿಕ್ಕಾಪಟ್ಟೆ ತುರಿಸುತ್ತದೆ. ಮೆಡಿಕಲ್‌ನಲ್ಲಿ ಕೊಟ್ಟ ಒಂದು ಕ್ರೀಮ್ ರಾತ್ರಿ ಹಚ್ಚಿದಾಗ ನನ್ನ ಬಂಗು ಬೇಗ ತಿಳಿಯಾಗಿತ್ತು, ಬಿಟ್ಟ ಮೇಲೆ ಮತ್ತೆ ಬಂತು. ಈಗ ಎಸ್‌ಪಿಎಫ್ 100 ತರಿಸಲಾ? ನಾಲ್ಕು ವರ್ಷದ ಮಗನಿಗೂ ಹಚ್ಚಬಹುದಾ?

ಉತ್ತರ: ಟೀಚರ್, 100 ಬೇಡ. ಈಗಿರುವ ಟ್ಯೂಬಿನ ನಂಬರಿನಲ್ಲಿ ದೋಷವಿಲ್ಲ. ಅದು ನಿಮ್ಮ ಮುಖಕ್ಕೆ ಹೊಂದುತ್ತಿಲ್ಲ, ಅಷ್ಟೇ. ನಿಮ್ಮ ಮನೆಯವರಿಗಂತೂ ಬೇಕಿರುವುದು ಸನ್‌ಸ್ಕ್ರೀನೇ ಅಲ್ಲ ಅಂತ ನನಗೆ ಅನುಮಾನ. ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ನಂಬರಿನ ಲೆಕ್ಕ ಮುಗಿಸೋಣ. ಬಿಸಿಲಿನಲ್ಲಿ ಕಣ್ಣಿಗೆ ಕಾಣದ ಯುವಿ, ಅಂದರೆ ನೇರಳಾತೀತ ಕಿರಣಗಳಿರುತ್ತವೆ. ಚರ್ಮ ಸುಟ್ಟು ಕೆಂಪಾಗುವುದು ಮುಖ್ಯವಾಗಿ ಅವುಗಳಲ್ಲಿ ಯುವಿ-ಬಿ ಅನ್ನುವ ಕಿರಣಗಳಿಂದ. ಅವನ್ನು ಎಷ್ಟು ತಡೆಯುತ್ತದೆ ಅನ್ನುವುದರ ಅಳತೆಯೇ ಎಸ್‌ಪಿಎಫ್. 15ರದ್ದು ಸುಮಾರು 93% ತಡೆಯುತ್ತದೆ, 30ರದ್ದು 97%, 50ರದ್ದು 98%. 100ಕ್ಕೆ ಹೋದರೆ 99%. ಆ ಒಂದು ಪರ್ಸೆಂಟಿಗೆ ದುಡ್ಡು ಸುರಿಯಬೇಕಾ? ಈ ಅಂಕಿಗಳು ಕೂಡ ಸಿಗುವುದು ಚರ್ಮದ ಪ್ರತಿ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿದಾಗ ಮಾತ್ರ. ಬಹಳ ಜನ ಹಚ್ಚುವುದು ಅದರ ಅರ್ಧವೂ ಇರುವುದಿಲ್ಲ. ತೊಗರಿ ಕಾಳಿನಷ್ಟು ತೆಗೆದು ಇಡೀ ಮುಖಕ್ಕೆ ಸವರಿದರೆ, ಟ್ಯೂಬಿನ ಮೇಲೆ 50 ಅಂತಿದ್ದರೂ ಮುಖದ ಮೇಲೆ ಅಷ್ಟಿರುವುದಿಲ್ಲ.

ತೋರುಬೆರಳು, ನಡುಬೆರಳು ಎರಡರ ಮೇಲೂ ಬುಡದಿಂದ ತುದಿಯ ತನಕ ಒಂದೊಂದು ಗೆರೆ ಎಳೆಯಿರಿ. ಮುಖ, ಕಿವಿ, ಕುತ್ತಿಗೆಗೆ ಅಷ್ಟು ಬೇಕು. ಒಮ್ಮೆಲೇ ಬಳಿಯಬೇಡಿ. ಅರ್ಧ ಹಚ್ಚಿ, ಆರಿದ ಮೇಲೆ ಇನ್ನರ್ಧ ಹಚ್ಚಿ. ಮನೆ ಬಿಡುವ 15-20 ನಿಮಿಷ ಮೊದಲು ಆಗಿರಲಿ. ಇಷ್ಟು ಹಚ್ಚಿಯೂ ಹಿಂಸೆ ಅನ್ನಿಸದ ಟ್ಯೂಬು ಯಾವುದೋ ಅದೇ ನಿಮಗೆ ಸರಿ. ನಾನು ಸನ್‌ಸ್ಕ್ರೀನ್ ಬರೆದುಕೊಡುವಾಗ ನೋಡುವುದು ಇದನ್ನೇ. ಜಿಡ್ಡಾಗುತ್ತದೆ, ಬೂದಿಯಾಗುತ್ತದೆ, ಉರಿಯುತ್ತದೆ ಅಂದರೆ ಕೈ ತಾನಾಗಿಯೇ ಕಡಿಮೆ ತೆಗೆಯುತ್ತದೆ.

ದುಡ್ಡಿನ ಲೆಕ್ಕವನ್ನೂ ಈಗಲೇ ಹಾಕಿಕೊಳ್ಳಿ. ಆ ಎರಡು ಗೆರೆ ಹೆಚ್ಚುಕಡಿಮೆ ಒಂದು ಗ್ರಾಂ. ದಿನಕ್ಕೆ ಎರಡು ಸಲ ಹಚ್ಚಿದರೆ 50 ಗ್ರಾಂ ಟ್ಯೂಬು ಒಬ್ಬರಿಗೆ 25 ದಿನ ಬರುತ್ತದೆ. ನಿಮ್ಮ ಮನೆಯಲ್ಲಿ ಒಂದು ಟ್ಯೂಬು ಎಲ್ಲರಿಗೂ ತಿಂಗಳುಗಟ್ಟಲೆ ಬರುತ್ತಿದ್ದರೆ ಯಾರೂ ಸಾಕಷ್ಟು ಹಚ್ಚುತ್ತಿಲ್ಲ ಅಂತಲೇ ಅರ್ಥ. ಸಾವಿರ ರೂಪಾಯಿಯದನ್ನು ಜಿಪುಣತನದಿಂದ ಹಚ್ಚುವುದಕ್ಕಿಂತ ಮುನ್ನೂರು ನಾನೂರರದನ್ನು ಧಾರಾಳವಾಗಿ ಹಚ್ಚುವುದು ವಾಸಿ.

ಈಗ ನಮ್ಮ ಬಿಸಿಲಿನ ವಿಷಯ. ಕಲಬುರಗಿ ಅಂದರೆ ಬಿಸಿಲು ಅಂತ ಹೊರಗಿನವರೂ ಹೇಳುತ್ತಾರೆ. ಆದರೆ ಸೆಕೆ ಬೇರೆ, ಯುವಿ ಬೇರೆ. ಥರ್ಮಾಮೀಟರ್ ಮಧ್ಯಾಹ್ನ 3-4 ಗಂಟೆಗೆ 42 ಡಿಗ್ರಿ ದಾಟಬಹುದು, ಯುವಿ ಮಾತ್ರ ಅದಕ್ಕಿಂತ ಬಹಳ ಮೊದಲೇ ತುದಿ ಮುಟ್ಟಿರುತ್ತದೆ. ಬೇಸಿಗೆಯಲ್ಲಿ ನಮ್ಮೂರಲ್ಲಿ ಸೂರ್ಯ ಅತಿ ಎತ್ತರಕ್ಕೆ ಬರುವುದು ಸುಮಾರು 12.20ಕ್ಕೆ. ಏಪ್ರಿಲ್, ಮೇನಲ್ಲಿ ಸರ್ಕಾರಿ ಕಚೇರಿಗಳನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಾಯಿಸುತ್ತಾರೆ. ಸೆಕೆಯ ಲೆಕ್ಕದಲ್ಲಿ ಅದು ಒಳ್ಳೆಯದೇ. ಮುಖದ ಲೆಕ್ಕದಲ್ಲಿ ನೋಡಿದರೆ ಯುವಿ ಇನ್ನೂ ಇಳಿಯದ ಹೊತ್ತಿಗೆ ಎಲ್ಲರೂ ಗಾಡಿ ಹತ್ತುತ್ತಾರೆ. ಶಾಲೆ ಬೆಳಗಿನ ಹೊತ್ತಿಗೆ ಬದಲಾದಾಗ ನಿಮ್ಮದೂ ಇದೇ ಕಥೆ. ಬೆಳಿಗ್ಗೆ 7ಕ್ಕೆ ಹಚ್ಚಿದ್ದು ಅಷ್ಟು ಹೊತ್ತಿಗೆ ಬೆವರಿನಲ್ಲಿ ಹೋಗಿರುತ್ತದೆ.

ಮಳೆಗಾಲಕ್ಕೂ ರಜೆ ಇಲ್ಲ. ನಾವಿರುವ ಅಕ್ಷಾಂಶದಲ್ಲಿ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುವುದು ವರ್ಷಕ್ಕೆ ಎರಡು ಸಲ. ಒಂದು ಮೇ ಎರಡನೇ ವಾರದ ಸುಮಾರಿಗೆ, ಇನ್ನೊಂದು ಆಗಸ್ಟ್ ಮೊದಲ ವಾರದಲ್ಲಿ. ತೆಳು ಮೋಡ ಯುವಿಯನ್ನು ಅಷ್ಟಾಗಿ ತಡೆಯುವುದಿಲ್ಲ. ಶ್ರಾವಣ ಬಂತು, ತಂಪಾಯಿತು ಅಂತ ಟ್ಯೂಬು ಒಳಗಿಟ್ಟವರಿಗೆ ದಸರೆಯ ಹೊತ್ತಿಗೆ ಬಂಗು ಮತ್ತೆ ದಟ್ಟವಾಗುತ್ತದೆ.

ಇನ್ನು ನಿಮ್ಮ ಬಂಗು. ಇದಕ್ಕೆ ಯುವಿ-ಬಿ ಒಂದನ್ನೇ ತಡೆದರೆ ಸಾಲದು. ಯುವಿ-ಎ ಅಂತ ಇನ್ನೊಂದು ಇದೆ. ಅದು ಚರ್ಮದಲ್ಲಿ ಇನ್ನೂ ಆಳಕ್ಕೆ ಇಳಿಯುತ್ತದೆ, ಕಿಟಕಿ ಗಾಜನ್ನೂ ದಾಟುತ್ತದೆ. ಚರ್ಮ ಸುಡುವ ಸುಳಿವು ಕೊಡದೆಯೇ ಕಪ್ಪು ಮಾಡುತ್ತದೆ. ಅದರ ಅಳತೆಗೆ ಟ್ಯೂಬಿನ ಮೇಲೆ ಪಿಎ ಅಂತ ಬರೆದು ಪಕ್ಕದಲ್ಲಿ ಪ್ಲಸ್ ಗುರುತು ಹಾಕಿರುತ್ತಾರೆ. ಜಪಾನಿನಿಂದ ಬಂದ ಪದ್ಧತಿ ಇದು. ನಿಮಗೆ ಕನಿಷ್ಠ ಮೂರು ಪ್ಲಸ್ ಇರಲಿ, ನಾಲ್ಕಿದ್ದರೆ ಇನ್ನೂ ಒಳ್ಳೆಯದು.

ಬಹಳ ಜನಕ್ಕೆ ಗೊತ್ತಿಲ್ಲದ ಇನ್ನೊಂದು ಸಂಗತಿ ಇದೆ. ಗೋಧಿ ಬಣ್ಣ, ಕಂದು ಬಣ್ಣದ ಚರ್ಮದವರಿಗೆ ಬಂಗು ಹೆಚ್ಚಿಸುವುದರಲ್ಲಿ ಕಣ್ಣಿಗೆ ಕಾಣುವ ಬೆಳಕಿನದೂ ಪಾಲಿದೆ. ಅದರಲ್ಲೂ ಬಿಸಿಲಿನ ನೀಲಿ ಭಾಗದ್ದು. ಎಸ್‌ಪಿಎಫ್ ಆಗಲಿ ಪಿಎ ಆಗಲಿ ಇದನ್ನು ಅಳೆಯುವುದೇ ಇಲ್ಲ. ಇದನ್ನು ಚೆನ್ನಾಗಿ ತಡೆಯುವುದು ಐರನ್ ಆಕ್ಸೈಡ್. ಅದು ಕಂದು, ಹಳದಿ, ಕೆಂಪು ಬಣ್ಣದ ಪುಡಿ. ಇದನ್ನು ಹಾಕಿದ ಸನ್‌ಸ್ಕ್ರೀನಿಗೆ ಟಿಂಟೆಡ್ ಅನ್ನುತ್ತಾರೆ, ತೆಗೆದಾಗ ಚರ್ಮದ ಬಣ್ಣವೇ ಇರುತ್ತದೆ. ನಿಮ್ಮ ಬೂದಿ ಸಮಸ್ಯೆಗೂ ಇದೇ ಮದ್ದು. ಜಿಂಕ್ ಆಕ್ಸೈಡ್, ಟೈಟಾನಿಯಂ ಡೈಆಕ್ಸೈಡ್ ಎರಡೂ ಯುವಿ ತಡೆಯುವ ಬಿಳಿ ಪುಡಿಗಳು. ಅವು ಜಾಸ್ತಿ ಇರುವ ಕ್ರೀಮು ನಮ್ಮ ಮೈಬಣ್ಣದ ಮೇಲೆ ಬೆಳ್ಳಗೆ ಕೂರುತ್ತದೆ. ಟಿಂಟ್ ಇದ್ದರೆ ಆ ಬಿಳುಪು ಮರೆಯಾಗುತ್ತದೆ. ಕೊಳ್ಳುವಾಗ ಒಂದು ಜೋಪಾನ. ಒಂದೇ ಬಣ್ಣ ಎಲ್ಲರಿಗೂ ಅಂತ ಮಾರುವ ಕೆಲವು ಟ್ಯೂಬುಗಳು ತೀರಾ ತಿಳಿ ಬಣ್ಣದವು. ಎರಡು ಮೂರು ಶೇಡ್ ಇರುವುದನ್ನೇ ನೋಡಿ. ಕೈ ಮೇಲೆ ಹಚ್ಚಿ ನೋಡಬೇಡಿ, ದವಡೆಯ ಅಂಚಿಗೆ ಹಚ್ಚಿ ಹಗಲು ಬೆಳಕಿನಲ್ಲಿ ನೋಡಿ.

ಹಾಗಾಗಿ ನಿಮಗೆ ನನ್ನ ಆಯ್ಕೆ ಎಸ್‌ಪಿಎಫ್ 50, ಪಿಎ ಮೂರು ಅಥವಾ ನಾಲ್ಕು ಪ್ಲಸ್, ಟಿಂಟೆಡ್, ಜೆಲ್ ಅಥವಾ ನೀರಾದ ಫ್ಲೂಯಿಡ್ ರೂಪದ್ದು. ಪದಾರ್ಥಗಳ ಪಟ್ಟಿಯಲ್ಲಿ ಐರನ್ ಆಕ್ಸೈಡ್ ಹೆಸರು ಇದೆಯಾ ನೋಡಿ. ವಾಟರ್ ರೆಸಿಸ್ಟೆಂಟ್ ಅಂತಲೂ ಬರೆದಿರಲಿ. ಇಲ್ಲದಿದ್ದರೆ ಬಸ್‌ಸ್ಟ್ಯಾಂಡ್ ಮುಟ್ಟುವ ಮೊದಲೇ ಇಳಿದುಹೋಗುತ್ತದೆ. ಎಣ್ಣೆ ಮುಖಕ್ಕೆ ಇದರ ಕೆಳಗೆ ಬೇರೆ ಮಾಯಿಶ್ಚರೈಸರ್ ಬೇಕಾಗಿಲ್ಲ.

ಕಣ್ಣುರಿಗೆ ಕಾರಣ ಬೆವರಿನ ಜೊತೆ ಇಳಿಯುವ ಅವೊಬೆನ್ಜೋನ್‌ನಂಥ ಕೆಮಿಕಲ್ ಫಿಲ್ಟರುಗಳು, ಅಂದರೆ ಯುವಿಯನ್ನು ಹೀರಿಕೊಳ್ಳುವ ರಾಸಾಯನಿಕಗಳು. ಹುಬ್ಬಿನ ಮೇಲೆ ಮತ್ತು ಕಣ್ಣಿನ ಸುತ್ತ ಬರೀ ಜಿಂಕ್ ಇರುವ ಸ್ಟಿಕ್ ಹಚ್ಚಿಕೊಳ್ಳಿ, ಅದು ಅಷ್ಟು ಉರಿಯುವುದಿಲ್ಲ. ದೊಡ್ಡ ತಂಪು ಕನ್ನಡಕವೂ ಒಂದಿರಲಿ.

ಹೊರಗಿದ್ದರೆ ಎರಡು ಗಂಟೆಗೊಮ್ಮೆ ಹಚ್ಚಬೇಕು ಅಂತ ಎಲ್ಲ ಕಡೆ ಬರೆದಿರುತ್ತಾರೆ. ಪಾಠ ಬಿಟ್ಟು ಅದನ್ನೇ ಮಾಡಲು ಯಾರಿಗೂ ಆಗುವುದಿಲ್ಲ. ತರಗತಿಯ ಒಳಗೆ, ಕಿಟಕಿಯಿಂದ ದೂರ ಇದ್ದರೆ ಅಷ್ಟು ಬೇಕಾಗಿಯೂ ಇಲ್ಲ. ಶಾಲೆ ಬಿಡುವ ಮೊದಲು ಒಂದು ಸಲ ತಪ್ಪದೆ ಹಚ್ಚಿ. ದಸ್ತಿಯಿಂದ ಮುಖವನ್ನು ಒತ್ತಿ ಒತ್ತಿ ಬೆವರು ತೆಗೆಯಿರಿ. ತಿಕ್ಕಬೇಡಿ, ತಿಕ್ಕಿದರೂ ಬಂಗು ಕಪ್ಪಾಗುತ್ತದೆ. ಆಮೇಲೆ ಎರಡು ಬೆರಳಿನಷ್ಟು ಹಚ್ಚಿಕೊಂಡು ಹೊರಡಿ.

ಬಸ್ಸಿನಲ್ಲಿ ಡ್ರೈವರ್ ಬದಿಯ ಸೀಟು ಹಿಡಿಯಿರಿ. ಜೇವರ್ಗಿ ನಮ್ಮ ದಕ್ಷಿಣಕ್ಕಿದೆ. ಬೆಳಿಗ್ಗೆ ಹೋಗುವಾಗ ಪೂರ್ವದ ಬಿಸಿಲು ಎಡಗಡೆ ಬೀಳುತ್ತದೆ. ಸಂಜೆ ವಾಪಸು ಬರುವಾಗ ಪಶ್ಚಿಮವೂ ಎಡಗಡೆಯೇ. ಗಾಜು ಎಳೆದುಕೊಂಡರೂ ಯುವಿ-ಎ ಒಳಗೆ ಬರುತ್ತದೆ ಅಂತ ಆಗಲೇ ಹೇಳಿದೆನಲ್ಲ. ಸ್ಕೂಟಿ ಮೇಲೆ ತೆಳು ಬಿಳಿ ವೇಲ್ ಸುತ್ತಿಕೊಂಡರೆ ಆಗುವ ಪ್ರಯೋಜನ ಅಷ್ಟಕ್ಕಷ್ಟೇ. ಒತ್ತಾಗಿ ನೇಯ್ದ, ಗಾಢ ಬಣ್ಣದ ಬಟ್ಟೆ ಬೇಕು. ಬೆಳಕಿಗೆ ಹಿಡಿದಾಗ ಆಚೆ ಬದಿ ಕಾಣಬಾರದು. ಸೆಕೆ ಆಗುತ್ತದೆ, ಒಪ್ಪುತ್ತೇನೆ. ಆದರೆ ಒಳ್ಳೆಯ ಬಟ್ಟೆ ಬೆವರಿಗೆ ಇಳಿಯುವುದಿಲ್ಲ, ಮತ್ತೆ ಮತ್ತೆ ಹಚ್ಚುವ ಗೊಡವೆಯೂ ಇಲ್ಲ.

ಒಲೆಯ ಕಾವೂ ಬಂಗಿಗೆ ಒಳ್ಳೆಯದಲ್ಲ. ನಮ್ಮ ಮನೆಗಳಲ್ಲಿ ದಿನಾ ರೊಟ್ಟಿ ಬಡಿಯಬೇಕು, ಅದನ್ನು ಬಿಡಿ ಅಂತ ಹೇಳಲಾರೆ. ಹಂಚಿನ ಮೇಲೆ ಬಗ್ಗಿ ನಿಲ್ಲಬೇಡಿ, ಅಷ್ಟಾದರೂ ಮಾಡಿ. ಇಲ್ಲವೇ ಸ್ವಲ್ಪ ದಿನ ಆ ಕೆಲಸ ಬೇರೆ ಯಾರಾದರೂ ಹಂಚಿಕೊಳ್ಳಲಿ.

ಪ್ರಶ್ನೆಯಲ್ಲಿ ನನಗೆ ಹೆಚ್ಚು ಚಿಂತೆ ಹತ್ತಿಸಿದ್ದು ಆ ರಾತ್ರಿ ಕ್ರೀಮು. ಬೇಗ ಬೆಳ್ಳಗಾಯಿತು, ಬಿಟ್ಟ ಕೂಡಲೇ ಮತ್ತೆ ಬಂತು ಅಂದರೆ ಅದರಲ್ಲಿ ಸ್ಟಿರಾಯ್ಡ್ ಇರುವ ಸಾಧ್ಯತೆ ಬಹಳ. ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಜೊತೆಗೆ ಮೊಮೆಟಾಸೋನ್ ಅನ್ನುವ ಸ್ಟಿರಾಯ್ಡ್, ಹೀಗೆ ಮೂರು ಔಷಧಿ ಕೂಡಿಸಿದ ಕ್ರೀಮುಗಳಿವೆ. ಬಂಗಿಗೆ ನಾವೂ ಇಂಥವನ್ನು ಬರೆಯುತ್ತೇವೆ. ಆದರೆ ಕೆಲವೇ ವಾರಕ್ಕೆ, ಮಧ್ಯೆ ಕರೆಸಿ ನೋಡುತ್ತಾ. ವೈದ್ಯರ ಚೀಟಿ ಇಲ್ಲದೆ ಮಾರುವ ವಸ್ತುವಲ್ಲ ಇದು. ಬೆಟಾಮೆಥಾಸೋನ್, ಕ್ಲೋಬೆಟಾಸಾಲ್ ಅನ್ನುವ ಸ್ಟಿರಾಯ್ಡ್ ಇರುವ ಟ್ಯೂಬುಗಳಂತೂ ಮುಖಕ್ಕೆ ಸಲ್ಲವೇ ಸಲ್ಲ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ಕೆಂಪು ನರಗಳು ಕಾಣುತ್ತವೆ, ಕೂದಲು, ಮೊಡವೆ ಬರುತ್ತವೆ. ಬಿಸಿಲಿಗೆ ಕಾಲಿಟ್ಟರೆ ಮುಖ ಧಗಧಗ ಉರಿಯುತ್ತದೆ. ಆಗ ಬಹಳ ಜನ ಬಿಸಿಲನ್ನೋ ಸನ್‌ಸ್ಕ್ರೀನನ್ನೋ ಬೈಯುತ್ತಾರೆ. ನೀವು ಈಗಲೂ ಹಚ್ಚುತ್ತಿದ್ದರೆ, ತುಂಬಾ ಕಾಲದಿಂದ ಬಳಸಿದ್ದರೆ, ಇವತ್ತೇ ಬಿಸಾಡಬೇಡಿ. ಒಮ್ಮೆಲೇ ಬಿಟ್ಟರೆ ಮುಖ ಕೆರಳಬಹುದು. ತೋರಿಸಿಕೊಂಡು ಹಂತ ಹಂತವಾಗಿ ಬಿಡಬೇಕು.

ಮಗಳಿಗೆ ನಿಮ್ಮ ಟ್ಯೂಬು ಬೇಡ. ಮೊಡವೆ ಚರ್ಮಕ್ಕೆ ದಪ್ಪ ಕ್ರೀಮು ಆಗಿಬರುವುದಿಲ್ಲ. ಆಯಿಲ್ ಫ್ರೀ, ನಾನ್ ಕಾಮೆಡೋಜೆನಿಕ್ (ಚರ್ಮದ ರಂಧ್ರ ಮುಚ್ಚದ್ದು) ಅಂತ ಬರೆದಿರುವ ಜೆಲ್ ಕೊಡಿಸಿ. 30ರದ್ದಾದರೂ ನಡೆಯುತ್ತದೆ. ಮೊಡವೆ ಹೋದ ಮೇಲೆ ಉಳಿಯುವ ಕಪ್ಪು ಕಲೆ ಬಿಸಿಲಿಗೆ ಗಟ್ಟಿಯಾಗುತ್ತದೆ, ಅದಕ್ಕೇ ಹಚ್ಚಬೇಕಾದ್ದು. ರಾತ್ರಿ ಮುಖ ತೊಳೆದೇ ಮಲಗಲಿ. ತಲೆಗೆ ಎಣ್ಣೆ ಹಾಕಿಕೊಂಡು ಮಲಗುವ ರೂಢಿ ಇದೆಯಾ ಕೇಳಿ. ಹಣೆಯಂಚಿನಲ್ಲಿ ಸಾಲು ಗುಳ್ಳೆ ಇದ್ದರೆ ತಪ್ಪು ಸನ್‌ಸ್ಕ್ರೀನಿನದಲ್ಲ, ಎಣ್ಣೆಯದ್ದಿರಬಹುದು. ಮೊಡವೆಗೆ ಡಾಕ್ಸಿಸೈಕ್ಲಿನ್ ಮಾತ್ರೆ ನುಂಗುತ್ತಿದ್ದರೆ ಬಿಸಿಲು ಬೇಗ ತಾಗುತ್ತದೆ, ಆಗ ಟೋಪಿಯೂ ಬೇಕು. ನಿಂಬೆರಸ, ಕಡ್ಲೆಹಿಟ್ಟಿನ ಪ್ಯಾಕು ದಯವಿಟ್ಟು ಬೇಡ. ನಿಂಬೆರಸ ಹಚ್ಚಿ ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಕಪ್ಪು ಪಟ್ಟೆ ಬೀಳುತ್ತದೆ. ರಜೆ ದಿನ ಮೊಬೈಲ್ ನೋಡಿ ಇದನ್ನು ಮಾಡಿಕೊಂಡು ಬರುವ ಹುಡುಗಿಯರು ಒಬ್ಬಿಬ್ಬರಲ್ಲ.

ಅತ್ತೆಯವರ ವಿಷಯ ಸುಲಭ. ಈಗಿರುವ ಕ್ರೀಮು ಅವರಿಗೇ ಇರಲಿ, ಒಣ ಚರ್ಮಕ್ಕೆ ಅದೇ ಹಿತ. ಗ್ಲಿಸರಿನ್ ಇರುವ ಮಾಯಿಶ್ಚರೈಸರ್ ಮೊದಲು, ಅದರ ಮೇಲೆ ಇದು. ಬಿಪಿ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದರಲ್ಲಿ ಹೈಡ್ರೋಕ್ಲೋರೋಥಯಾಜೈಡ್ ಇದೆಯಾ ಒಮ್ಮೆ ಓದಿ ನೋಡಿ. ಅದೂ ಬಿಸಿಲನ್ನು ತಾಗಿಸುತ್ತದೆ. ಇದ್ದರೆ ಮಾತ್ರೆ ನಿಲ್ಲಿಸಬೇಡಿ, ಕೊಟ್ಟ ಡಾಕ್ಟರಿಗೆ ಹೇಳಿ. ಚಿಕ್ಕವನಿಗೆ ಸೂಕ್ಷ್ಮ ಚರ್ಮದವರಿಗೆ ಮಾಡಿದ ಜಿಂಕ್ ಆಕ್ಸೈಡ್ ಸನ್‌ಸ್ಕ್ರೀನ್ ಹಚ್ಚಬಹುದು. ಆರು ತಿಂಗಳೊಳಗಿನ ಕೂಸಿಗೆ ಮಾತ್ರ ಏನೂ ಬೇಡ, ನೆರಳು, ಬಟ್ಟೆ ಸಾಕು. ಮಗನ ಕೆನ್ನೆಯ ಮೇಲೆ ಬೇಸಿಗೆಯಲ್ಲಿ ಬಿಳಿ ಮಚ್ಚೆ ಕಂಡರೆ ತೊನ್ನು ಅಂತ ಗಾಬರಿ ಬೀಳಬೇಡಿ. ಹೆಚ್ಚಾಗಿ ಒಣ ಚರ್ಮದಿಂದಲೋ ಸಿಬ್ಬಿನಿಂದಲೋ ಬಂದಿರುತ್ತದೆ. ಒಮ್ಮೆ ತೋರಿಸಿ.

ಕೊನೆಗೆ ನಿಮ್ಮ ಮನೆಯವರು. ಬಿಸಿಲಿಗೆ ಕಪ್ಪಾದ ಮುಖ ಸಾಮಾನ್ಯವಾಗಿ ಸಿಕ್ಕಾಪಟ್ಟೆ ತುರಿಸುವುದಿಲ್ಲ. ಅವರ ಮುಖವನ್ನು ಬೆಳಕಿಗೆ ಹಿಡಿದು ಮೂರು ಜಾಗ ನೋಡಿ: ಕಣ್ಣಿನ ಮೇಲಿನ ರೆಪ್ಪೆ, ಗದ್ದದ ಕೆಳಗೆ, ಕಿವಿಯ ಹಿಂದೆ. ಇವು ನೆರಳಿನ ಜಾಗಗಳು, ಬಿಸಿಲಿನ ಅಲರ್ಜಿ ಇವನ್ನು ಬಿಟ್ಟುಬಿಡುತ್ತದೆ. ಇಲ್ಲೂ ಚರ್ಮ ದಪ್ಪವಾಗಿ ಕಪ್ಪಾಗಿದ್ದರೆ, ಮೊಣಕೈ ಮಡಿಕೆಯಲ್ಲೂ ತುರಿಕೆ ಇದ್ದರೆ, ಗಾಳಿಯಲ್ಲಿ ಹಾರಿ ಬಂದದ್ದೇನೋ ತಾಗಿದೆ. ನಮ್ಮ ಕಡೆ ಹೊಲದವರಿಗೆ ಅದು ಬಹಳ ಸಲ ಕಾಂಗ್ರೆಸ್ ಕಸ, ಅಂದರೆ ಪಾರ್ಥೇನಿಯಂ. 1950ರ ದಶಕದಲ್ಲಿ ಪುಣೆ ಕಡೆ ಜನರ ಕಣ್ಣಿಗೆ ಬಿದ್ದ ಈ ಕಸ ಈಗ ತೊಗರಿ ಹೊಲದ ಬದುವಿನಲ್ಲೂ ಇದೆ, ರೈಲ್ವೆ ಹಳಿ ಪಕ್ಕದಲ್ಲೂ ಇದೆ. ಅದರ ಸಣ್ಣ ರೋಮ, ಒಣಗಿದ ಪುಡಿ ಗಾಳಿಯಲ್ಲಿ ಬರುತ್ತದೆ. ಅದರಲ್ಲಿರುವ ಪಾರ್ಥೆನಿನ್ ಅನ್ನುವ ಅಂಶವೇ ಅಲರ್ಜಿಯ ಮೂಲ. ವರ್ಷಗಟ್ಟಲೆ ಬಿಟ್ಟರೆ ಕೆಲವರಿಗೆ ಬಿಸಿಲಿನ ಅಲರ್ಜಿಯೂ ಸೇರಿಕೊಳ್ಳುತ್ತದೆ. ಆಗ ಬಿಸಿಲಿಗೆ ಹೋಗುವುದೇ ಕಷ್ಟ.

ಒಡೆದು ತುರಿಸುವ ಚರ್ಮಕ್ಕೆ ಈಗಿನ ಸನ್‌ಸ್ಕ್ರೀನ್ ಇನ್ನಷ್ಟು ಉರಿ ತರುತ್ತದೆ. ಸದ್ಯಕ್ಕೆ ನಿಲ್ಲಿಸಲಿ. ಹೊಲದಲ್ಲಿ ತುಂಬು ತೋಳಿನ ಅಂಗಿ, ಮುಖಕ್ಕೆ ರುಮಾಲು. ಮನೆಗೆ ಬಂದ ಕೂಡಲೇ ಸ್ನಾನ, ಆ ಬಟ್ಟೆ ಬೇರೆ ಒಗೆಯಲಿ. ಕಸ ಕೀಳುವುದಿದ್ದರೆ ಹೂ ಬಿಡುವ ಮೊದಲೇ, ಅಲರ್ಜಿ ಇಲ್ಲದವರು ಕೈಗವಸು ಹಾಕಿ ಕೀಳಲಿ. ಒಣ ಕಸಕ್ಕೆ ಬೆಂಕಿ ಹಚ್ಚುವಾಗ ಇವರು ಹತ್ತಿರ ಇರಬಾರದು. ಇನ್ನೊಂದು ಮಾತು, ತಲೆಗೋ ಮೀಸೆಗೋ ಕಪ್ಪು ಹಚ್ಚುತ್ತಾರಾ ಕೇಳಿ. ಹೇರ್ ಡೈಯಿಂದಲೂ ಹಣೆ, ಕೆನ್ನೆ, ಕುತ್ತಿಗೆ ಹೀಗೇ ಕಪ್ಪಾಗುವುದುಂಟು.

ಕೊಂಡ ಟ್ಯೂಬನ್ನು ಸ್ಕೂಟಿ ಡಿಕ್ಕಿಯಲ್ಲಿ ಇಡಬೇಡಿ. ಬಹಳಷ್ಟು ಟ್ಯೂಬುಗಳ ಮೇಲೆ 30 ಡಿಗ್ರಿಯ ಕೆಳಗೆ ಇಡಿ ಅಂತ ಬರೆದಿರುತ್ತದೆ, ನಮ್ಮ ಮೇ ತಿಂಗಳ ಡಿಕ್ಕಿ ಕುಲುಮೆಯಂತಿರುತ್ತದೆ. ಒತ್ತಿದಾಗ ಮೊದಲು ನೀರು, ಆಮೇಲೆ ಗಂಟು ಬಂದರೆ ಅದು ಕೆಟ್ಟಿದೆ. ಶಾಲೆಗೆ ಕೈಚೀಲದಲ್ಲಿ ಒಯ್ಯಿರಿ.

ಟಿಂಟೆಡ್ ಸನ್‌ಸ್ಕ್ರೀನ್ ಹಿಡಿದ ಮೇಲೆ ಎರಡು ಮೂರು ತಿಂಗಳು ಕಾಯಬೇಕು. ಬಂಗು ಪೂರ್ತಿ ಹೋಗುತ್ತದೆ ಅಂತ ನಾನು ಮಾತು ಕೊಡುವುದಿಲ್ಲ. ತಿಳಿಯಾಗುತ್ತದೆ, ಬಿಟ್ಟರೆ ಮರಳುತ್ತದೆ. ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ. ಥೈರಾಯ್ಡ್ ಒಮ್ಮೆ ನೋಡಿಸುವುದು ಒಳ್ಳೆಯದು. ನಿಮ್ಮೂರ ಚರ್ಮ ವೈದ್ಯರ ಹತ್ತಿರ ಹೋಗುವಾಗ ಆ ರಾತ್ರಿ ಕ್ರೀಮಿನ ಟ್ಯೂಬು ಜೊತೆಗಿರಲಿ, ಖಾಲಿಯಾಗಿದ್ದರೂ ಸರಿ. ಮನೆಯವರನ್ನೂ ಈಗಲೇ ಕರೆದುಕೊಂಡು ಹೋಗಿ, ತುರಿಕೆಗೆ ಮದ್ದು ಶುರುವಾಗಲಿ. ಯಾವುದರ ಅಲರ್ಜಿ ಅಂತ ಖಚಿತ ಮಾಡುವ ಪ್ಯಾಚ್ ಟೆಸ್ಟ್ ಮಾತ್ರ ಸ್ವಲ್ಪ ತಡೆದು ಮಾಡಿಸಿದರೂ ಆಗುತ್ತದೆ. ಚರ್ಮ ತಣ್ಣಗಾಗಿರಬೇಕು, ಬೆನ್ನಿಗೆ ಅಂಟಿಸಿದ ಪಟ್ಟಿ 48 ಗಂಟೆ ನೀರು, ಬೆವರು ತಾಗದೆ ಇರಬೇಕು. ನಮ್ಮ ಬೇಸಿಗೆಯಲ್ಲಿ ಅದು ಆಗದ ಮಾತು. ತೊಗರಿ ರಾಶಿ ಮುಗಿದ ಮೇಲೆ, ಬಿಸಿಲು ಏರುವ ಮೊದಲು ಮಾಡಿಸಿಕೊಳ್ಳಲಿ.